ಕವಲಿನಲ್ಲಿ ಬ್ಲಾಕ್ ಇದ್ದರೂ ಸ್ಟೆಂಟ್ ಒಂದೇ ಯಾಕೆ?

ಪ್ರಶ್ನೆ: ಅಪ್ಪನಿಗೆ ಹೃದಯದ ರಕ್ತನಾಳ ಕವಲಾಗುವ ಜಾಗದಲ್ಲೇ ಬ್ಲಾಕ್ ಇತ್ತು. ದೊಡ್ಡ ನಾಳಕ್ಕೆ ಮಾತ್ರ ಸ್ಟೆಂಟ್ ಹಾಕಿ, ಪಕ್ಕದ ಕವಲನ್ನು ಹಾಗೇ ಬಿಟ್ಟಿದ್ದಾರೆ. ಅರ್ಧ ಕೆಲಸ ಮಾಡಿ ಕಳಿಸಿಬಿಟ್ಟರಾ?

ಉತ್ತರ: ಹಾಗೇನಿಲ್ಲ. ಕವಲಿನ ಬ್ಲಾಕ್‌ಗೆ ಹೆಚ್ಚಿನವರಲ್ಲಿ ಮೊದಲ ಆಯ್ಕೆಯೇ ಒಂದು ಸ್ಟೆಂಟ್. ಇದಕ್ಕೆ ‘ಪ್ರಾವಿಷನಲ್’ ವಿಧಾನ ಅಂತಾರೆ. ಎರಡನೇ ಸ್ಟೆಂಟ್ ಬೇಕೋ ಬೇಡವೋ ಅನ್ನೋದು ಮೊದಲನೆಯದನ್ನು ಹಾಕಿದ ಮೇಲೆ ತೀರ್ಮಾನವಾಗುತ್ತದೆ.

ಮೊದಲು ಎರಡೂ ನಾಳಗಳಿಗೆ ಕೂದಲೆಳೆಯಂಥ ತಂತಿ ಇಳಿಸುತ್ತಾರೆ. ದೊಡ್ಡ ನಾಳದಲ್ಲಿ ಸ್ಟೆಂಟ್ ಅರಳಿದಾಗ ಕವಲಿನ ತಂತಿ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಅದು ಬೇಕೆಂದೇ ಮಾಡಿದ್ದು. ಕವಲು ಏಕಾಏಕಿ ಮುಚ್ಚಿಕೊಂಡರೆ ಬಾಯಿ ಎಲ್ಲಿದೆ ಅಂತ ತೋರಿಸುವುದು ಆ ತಂತಿಯೇ. ಕವಲಿಗಿಂತ ಮುಂಚೆ ನಾಳ ಅಗಲ, ದಾಟಿದ ಮೇಲೆ ಸಣ್ಣ. ಹಾಗಾಗಿ ಮೇಲ್ಭಾಗದಲ್ಲಿ ಇನ್ನೊಂದು ದಪ್ಪ ಬಲೂನ್ ಉಬ್ಬಿಸಿ ಸ್ಟೆಂಟನ್ನು ಗೋಡೆಗೆ ಅಂಟಿಸುತ್ತಾರೆ. ಕವಲಿನಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಸ್ಟೆಂಟಿನ ಜಾಲರಿಯೊಳಗಿಂದ ತಂತಿ ತೂರಿಸಿ, ಎರಡೂ ಕಡೆ ಒಟ್ಟಿಗೆ ಬಲೂನ್ ಉಬ್ಬಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎರಡನೇ ಸ್ಟೆಂಟ್.

‘ಆದ್ರೂ ಆಂಜಿಯೊಗ್ರಾಮ್ ಸಿಡಿಯಲ್ಲಿ ಕವಲು ಕಿರಿದಾಗೇ ಕಾಣ್ತಿದೆಯಲ್ಲ?’ ಅಂತೀರಾ. ಕಣ್ಣಿಗೆ ಕಾಣುವುದು ಇಲ್ಲಿ ಜಾಸ್ತಿನೇ ಮೋಸ ಮಾಡುತ್ತದೆ. 2005ರಲ್ಲಿ ಕೊರಿಯಾದ ವೈದ್ಯರು ಇಂಥ ಕವಲುಗಳ ಒತ್ತಡ ಅಳೆದು ನೋಡಿದರು. ಚಿತ್ರದಲ್ಲಿ 75% ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿ ಕಂಡ 73 ಕವಲುಗಳಲ್ಲಿ ನಿಜವಾಗಿ ರಕ್ತ ಕಡಿಮೆಯಾಗಿದ್ದದ್ದು 20ರಲ್ಲಿ ಮಾತ್ರ. ಸುಮ್ನೆ ಇನ್ನೊಂದು ಸ್ಟೆಂಟ್ ತುರುಕಿದರೆ ಲೋಹ ಜಾಸ್ತಿ, ಕೆಲಸವೂ ಜಟಿಲ.

ಮೊದಲೇ ಎರಡು ಸ್ಟೆಂಟ್ ಅಂತ ಹೊರಡುವ ಕೇಸುಗಳೂ ಇವೆ. ಕವಲೇ ದಪ್ಪಗಿದ್ದು, ಅದರೊಳಗೆ ಬ್ಲಾಕ್ ಉದ್ದಕ್ಕೆ ಹರಡಿರಬೇಕು. ಎಡ ಮುಖ್ಯನಾಳದ, ಅಂದರೆ ಲೆಫ್ಟ್ ಮೇನ್ ಕವಲಿನಲ್ಲಿ ವಾದ ಇನ್ನೂ ನಿಂತಿಲ್ಲ. ಚೀನಾದ ನಾನ್‌ಜಿಂಗ್‌ನ ವೈದ್ಯರು ಬೆಳೆಸಿದ ‘ಡಿಕೆ ಕ್ರಷ್’ ವಿಧಾನದಲ್ಲಿ ಕವಲಿನ ಸ್ಟೆಂಟಿನ ತುದಿಯನ್ನು ಬಲೂನಿನಿಂದ ಜಜ್ಜಿ, ಆಮೇಲೆ ದೊಡ್ಡ ನಾಳದ ಸ್ಟೆಂಟನ್ನು ಕೂರಿಸುತ್ತಾರೆ. 2017ರ ಅವರ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಚಿಕಿತ್ಸೆ ವಿಫಲವಾಗಿದ್ದು ಇದರಲ್ಲಿ 5%, ಪ್ರಾವಿಷನಲ್‌ನಲ್ಲಿ 10.7%. ಯುರೋಪಿನ 2021ರ ಅಧ್ಯಯನದಲ್ಲಿ ಮಾತ್ರ ಎರಡು ಸ್ಟೆಂಟಿಗೆ ಅಂಥ ಮೇಲುಗೈ ಸಿಗಲಿಲ್ಲ. 2017ರ ಅಧ್ಯಯನದ ರೋಗಿಗಳ ಕವಲಲ್ಲಿ ಬ್ಲಾಕ್ ಹೆಚ್ಚು ಉದ್ದವಾಗಿತ್ತು ಅನ್ನೋದನ್ನು ಮರೆಯಬಾರದು.

ಮುಂದಿನ ಸಲ ತೋರಿಸಲು ಹೋದಾಗ ಎರಡು ವಿಷಯ ಕೇಳಿ: ಕವಲಿನ ಹರಿವು ಕೊನೆಗೆ ಹೇಗಿತ್ತು, ನಾಳದ ಒಳಗಿನಿಂದ ಸ್ಕ್ಯಾನ್ ಮಾಡಿ ನೋಡಿದ್ದರಾ. ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ನಡೆಯುವಾಗ ಎದೆ ಹಿಡಿದಂತಾದರೆ ಆ ಅಪಾಯಿಂಟ್‌ಮೆಂಟ್‌ವರೆಗೂ ಕಾಯದೆ ಕೂಡಲೇ ಕರೆದುಕೊಂಡು ಹೋಗಿ.