ಯೂರೇಲ್ ಪಾಸ್ ತಗೊಂಡರೆ ಮಕ್ಕಳು ಫ್ರೀ ಅಂತೆ, ಹೌದಾ?

ಪ್ರಶ್ನೆ: ನಾವು ನಾಲ್ಕು ಜನ. ಮಕ್ಕಳಿಗೆ 9 ಮತ್ತು 5 ವರ್ಷ. ಬೇಸಿಗೆ ರಜೆಯಲ್ಲಿ ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂ, ಕೊಲೋನ್, ಆಮೇಲೆ ಸ್ವಿಟ್ಜರ್ಲೆಂಡ್ ನೋಡಿಕೊಂಡು ಪ್ಯಾರಿಸ್‌ನಿಂದ ವಾಪಸ್. ಎಲ್ಲಾ ರೈಲಿನಲ್ಲೇ. ಯೂರೇಲ್ ಪಾಸ್ ತಗೊಂಡುಬಿಟ್ಟರೆ ಯಾವ ರೈಲಾದರೂ ಹತ್ತಬಹುದು, ಮಕ್ಕಳು ಪೂರ್ತಿ ಫ್ರೀ ಅಂತ ನಮ್ಮ ಭಾವ ಹೇಳಿದರು. ತಗೊಳ್ಳೋದಾ?

ಉತ್ತರ: ಈ ಪ್ರಶ್ನೆ ಬರುವಾಗ ಊರುಗಳ ಹೆಸರು ಬದಲಾಗುತ್ತದೆ, ಮಕ್ಕಳ ವಯಸ್ಸು ಬದಲಾಗುತ್ತದೆ. ಭಾವ ಮಾತ್ರ ಬದಲಾಗುವುದಿಲ್ಲ. ಎಲ್ಲರ ಮನೆಯಲ್ಲೂ ಒಬ್ಬರು ಇದ್ದಾರೆ, ಎಲ್ಲರೂ ಇದೇ ಮಾತು ಹೇಳುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಮುಂದೆ ಯಾರು ಕೇಳಿದರೂ ಇದನ್ನೇ ತೋರಿಸುತ್ತೇನೆ.

ಯೂರೇಲ್ ಅಂದರೆ ಯೂರೋಪಿನ ಹಲವು ದೇಶಗಳ ರೈಲುಗಳಿಗೆ ಒಂದೇ ಪಾಸ್, ಹೊರಗಿನಿಂದ ಬರುವವರಿಗೆ ಅಂತ ಇರುವುದು. ಚಿಕ್ಕ ಉತ್ತರ ಮೊದಲು. ನೀವು ಹೇಳಿದ ದಾರಿಗೆ ಪಾಸ್ ಬಹುಶಃ ಬೇಡ. ಟಿಕೆಟ್‌ಗಳನ್ನು ಒಂದೊಂದಾಗಿ, ಬೇಗ ಬುಕ್ ಮಾಡಿದರೆ ಸಾಕು. ಯಾಕೆ ಅಂತ ಗೊತ್ತಾಗಬೇಕಾದರೆ ಭಾವನ ಮಾತನ್ನು ಎರಡು ತುಂಡು ಮಾಡಿ ನೋಡಬೇಕು.

ಮೊದಲನೇ ತುಂಡು: "ಯಾವ ರೈಲಾದರೂ ಹತ್ತಬಹುದು."

ಈ ಮಾತು ಹುಟ್ಟಿದ ಕಾಲದಲ್ಲಿ ಹೆಚ್ಚುಕಮ್ಮಿ ನಿಜವೇ ಆಗಿತ್ತು, ಭಾವನನ್ನು ಪೂರ್ತಿ ಬೈಯುವ ಹಾಗಿಲ್ಲ. ಯೂರೇಲ್ ಪಾಸ್ ಶುರುವಾಗಿದ್ದು 1959ರಲ್ಲಿ. ಆಗ ಪಾಸ್ ತೋರಿಸಿ ಹತ್ತಿ, ಸೀಟು ಸಿಕ್ಕಿದ ಕಡೆ ಕೂತರೆ ಮುಗಿಯಿತು. 1981ರಲ್ಲಿ ಫ್ರಾನ್ಸಿನಲ್ಲಿ ಟಿಜಿವಿ ಎಂಬ ವೇಗದ ರೈಲು ಬಂತು. ಅದರಲ್ಲಿ ಪ್ರತಿಯೊಬ್ಬರಿಗೂ ಸೀಟು ರಿಸರ್ವ್ ಆಗಿರಲೇಬೇಕು. ಆಮೇಲೆ ಸ್ಪೇನ್, ಇಟಲಿಯ ವೇಗದ ರೈಲುಗಳೂ ಇದೇ ದಾರಿ ಹಿಡಿದವು. ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂ ನಡುವೆ ಓಡುವ ಯೂರೋಸ್ಟಾರ್ ಕೂಡ ಅಷ್ಟೇ. ರಾತ್ರಿ ರೈಲುಗಳ ಬರ್ತ್ ಕೂಡ ಹಾಗೆಯೇ.

ಈ ರೈಲುಗಳಲ್ಲಿ ಪಾಸ್ ಒಂದೇ ಹಿಡಿದುಕೊಂಡು ಹತ್ತಿದರೆ, ಬಿಎಂಟಿಸಿಯ ಸಾಮಾನ್ಯ ಪಾಸ್ ತೋರಿಸಿ ವಜ್ರ ಬಸ್ಸಿನಲ್ಲಿ ಕೂತ ಹಾಗೆ. ಕಂಡಕ್ಟರ್ ಬರುವ ತನಕ ಮಾತ್ರ ಖುಷಿ. ಪಾಸ್ ಇದ್ದವರು ಮೇಲಿಂದ ರಿಸರ್ವೇಶನ್ ದುಡ್ಡು ಕೊಡಬೇಕು. ಫ್ರಾನ್ಸ್ ಒಳಗಿನ ಟಿಜಿವಿಗೆ ಇದು ತಲೆಗೆ 10ರಿಂದ 20 ಯೂರೋ. ಯೂರೋಸ್ಟಾರ್‌ಗೆ 30 ಯೂರೋ ಆಸುಪಾಸು. ಸ್ವಿಟ್ಜರ್ಲೆಂಡ್‌ನಿಂದ ಪ್ಯಾರಿಸ್‌ಗೆ ಬರುವ ಟಿಜಿವಿಯಲ್ಲೂ ಬಿಟ್ಟಿ ಇಲ್ಲ.

ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. ಪಾಸ್ ಇದ್ದವರಿಗೆ ಅಂತ ಈ ರೈಲುಗಳಲ್ಲಿ ಇಟ್ಟಿರುವ ಸೀಟು ಕಮ್ಮಿ. ನಮ್ಮ ರೈಲ್ವೆಯ ಕೋಟಾ ಗೊತ್ತಿರುವ ನಿಮಗೆ ಬೇರೆ ವಿವರಣೆ ಬೇಡ. ಆ ಕೋಟಾ ಮುಗಿದರೆ ರೈಲಿನಲ್ಲಿ ಸೀಟು ಖಾಲಿ ಇದ್ದರೂ ನಿಮಗಿಲ್ಲ. ಪೂರ್ತಿ ಟಿಕೆಟ್ ದುಡ್ಡು ಕೊಟ್ಟರೆ ಅದೇ ಸೀಟು ಸಿಗುತ್ತದೆ. ಬೇಸಿಗೆಯಲ್ಲಿ ಹೀಗಾಗುವುದು ಅಪರೂಪವೇನಲ್ಲ. ಜೇಬಿನಲ್ಲಿ ಪಾಸ್, ಕೈಯಲ್ಲಿ ಹೊಸ ಟಿಕೆಟ್. ಎರಡಕ್ಕೂ ದುಡ್ಡು ನಿಮ್ಮದೇ.

ಇಟಲಿಯ ಇಟಾಲೋ, ಫ್ರಾನ್ಸಿನ ವೀಗೋ ತರಹದ ಕೆಲವು ರೈಲುಗಳಂತೂ ಪಾಸಿನ ಲೆಕ್ಕದಲ್ಲೇ ಇಲ್ಲ. ಪ್ಯಾರಿಸ್ ಮೆಟ್ರೋ, ಆಮ್‌ಸ್ಟರ್‌ಡ್ಯಾಂ ಟ್ರಾಮ್ ಕೂಡ ಇಲ್ಲ. "ಟ್ರಾಮ್ ಕೂಡ ಹಳಿ ಮೇಲೇ ಓಡುತ್ತಲ್ವಾ" ಅಂತ ಕೇಳಿದವರಿದ್ದಾರೆ. ಓಡುತ್ತದೆ. ಆದರೂ ಇಲ್ಲ.

ಎರಡನೇ ತುಂಡು: "ಮಕ್ಕಳು ಪೂರ್ತಿ ಫ್ರೀ." ನಿಜವಾದ ತಮಾಷೆ ಇರುವುದು ಇಲ್ಲಿ.

ಪಾಸಿನ ನಿಯಮ ಹೀಗಿದೆ. 4ರಿಂದ 11 ವರ್ಷದ ಮಕ್ಕಳಿಗೆ ಪಾಸ್ ಉಚಿತ, ಒಬ್ಬ ದೊಡ್ಡವರ ಜೊತೆ ಇಬ್ಬರು ಮಕ್ಕಳ ತನಕ. ಆದರೆ ತಾನಾಗಿ ಬರುವುದಿಲ್ಲ, ದೊಡ್ಡವರ ಪಾಸ್ ಕೊಳ್ಳುವಾಗಲೇ ಮಕ್ಕಳ ಪಾಸ್ ಕೂಡ ಸೇರಿಸಬೇಕು. 4 ವರ್ಷ ತುಂಬದ ಮಗುವಿಗೆ ಪಾಸೇ ಬೇಡ. ಪಾಸ್ ಶುರುವಾಗುವ ದಿನಕ್ಕೆ 12 ತುಂಬಿದ್ದರೆ ಯುವಜನರ ಪಾಸ್, ಅದಕ್ಕೆ ದುಡ್ಡು.

ಇಲ್ಲಿಯ ತನಕ ಭಾವ ಸರಿ. ಆದರೆ ಉಚಿತವಾಗಿದ್ದು ಪಾಸ್ ಮಾತ್ರ, ರಿಸರ್ವೇಶನ್ ಉಚಿತ ಅಲ್ಲ. ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ ಯೂರೋಸ್ಟಾರ್‌ನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷದ ದಾರಿ. ನಿಮ್ಮ ನಾಲ್ಕು ಜನಕ್ಕೂ ರಿಸರ್ವೇಶನ್ ಬೇಕು. 30 ಯೂರೋ ಹಿಡಿದರೆ 120 ಯೂರೋ. ಫ್ರೀ ಅಂದುಕೊಂಡಿದ್ದ ಮಕ್ಕಳ ಪಾಲೇ 60. ಪಾಸಿಗೆ ಕೊಟ್ಟ ದುಡ್ಡು ಇದರಲ್ಲಿ ಸೇರಿಲ್ಲ.

ಈಗ ಪಾಸ್ ಇಲ್ಲದಿದ್ದರೆ ಏನು ಅಂತ ನೋಡಿ. ಜರ್ಮನಿಯಲ್ಲಿ 6 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟೇ ಬೇಡ. 6ರಿಂದ 14ರ ತನಕದ ಮಕ್ಕಳು ಅಪ್ಪ ಅಮ್ಮನ ಜೊತೆ ಉಚಿತ, ಬುಕ್ ಮಾಡುವಾಗ ಟಿಕೆಟಿನಲ್ಲಿ ಮಕ್ಕಳ ಲೆಕ್ಕ ಸೇರಿಸಿರಬೇಕು ಅಷ್ಟೇ. ಬೆಲ್ಜಿಯಂ ಒಳಗೆ 12 ವರ್ಷದ ಒಳಗಿನ ಮಕ್ಕಳು ಟಿಕೆಟ್ ಇರುವ ದೊಡ್ಡವರ ಜೊತೆ ಉಚಿತ, ನಾಲ್ಕು ಮಕ್ಕಳ ತನಕ. ನೆದರ್‌ಲ್ಯಾಂಡ್ಸ್‌ನಲ್ಲಿ 4ರಿಂದ 11ರ ಮಕ್ಕಳಿಗೆ ಇಡೀ ದಿನಕ್ಕೆ 2.50 ಯೂರೋ ಆಸುಪಾಸಿನ ಟಿಕೆಟ್ ಇದೆ. ಸ್ವಿಟ್ಜರ್ಲೆಂಡ್‌ನಲ್ಲಿ 6ರ ಒಳಗಿನವರು ಉಚಿತ. ದೊಡ್ಡವರು ಸ್ವಿಸ್ ಟ್ರಾವೆಲ್ ಪಾಸ್ ತಗೊಂಡರೆ 16 ತುಂಬದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಕೊಡುತ್ತಾರೆ, ಅದರಲ್ಲಿ ಮಕ್ಕಳೂ ಜೊತೆಗೆ ಬಿಟ್ಟಿ ಓಡಾಡಬಹುದು.

ಅಂದರೆ ಮಕ್ಕಳ ಪಾಸ್ ಫ್ರೀ ಅಂತ ನೀವು ಖುಷಿಪಡುತ್ತಿರುವ ಅರ್ಧ ದಾರಿಯಲ್ಲಿ ಮಕ್ಕಳು ಮೊದಲೇ ಫ್ರೀ, ಇಲ್ಲವೇ ಹೆಚ್ಚುಕಮ್ಮಿ ಫ್ರೀ. ಉಳಿದ ಅರ್ಧದಲ್ಲಿ, ಅಂದರೆ ಯೂರೋಸ್ಟಾರ್ ಮತ್ತು ಟಿಜಿವಿಯಲ್ಲಿ, ಪಾಸ್ ಇದ್ದರೂ ದುಡ್ಡು ಕೊಡಬೇಕು. ಹಾಗಾದರೆ ಪಾಸ್ ಉಳಿಸಿದ್ದೇನು? ಈ ಒಂದು ಮಾತು ತಲೆಗೆ ಹೋಗಲಿ ಅಂತಲೇ ಇಷ್ಟೆಲ್ಲಾ ಬರೆದದ್ದು.

ಲೆಕ್ಕ ಮಾಡುವ ಕ್ರಮ ಕಷ್ಟವೇನಿಲ್ಲ. ಪ್ರತಿ ದಾರಿಗೂ ಆಯಾ ರೈಲು ಕಂಪನಿಯ ಸೈಟಿನಲ್ಲೇ, ನಿಮ್ಮ ತಾರೀಖು ಮತ್ತು ಮಕ್ಕಳ ವಯಸ್ಸು ಹಾಕಿ ದರ ನೋಡಿ. ನಾಳೆಯ ದರ ನೋಡಿ ಗಾಬರಿಯಾಗಬೇಡಿ. ಈ ರೈಲುಗಳ ದರ ವಿಮಾನದ ದರದ ಹಾಗೆ ದಿನ ಹತ್ತಿರ ಬಂದಷ್ಟೂ ಏರುತ್ತದೆ. ಎರಡು ಮೂರು ತಿಂಗಳ ಮುಂಚಿನ ದರವೇ ನಿಮಗೆ ಬೇಕಾದದ್ದು. ಎಲ್ಲಾ ಕೂಡಿಸಿ. ಇನ್ನೊಂದು ಕಡೆ ದೊಡ್ಡವರ ಇಬ್ಬರ ಪಾಸ್, ಅದರ ಮೇಲೆ ನಾಲ್ಕು ಜನರ ರಿಸರ್ವೇಶನ್ ಬರೆಯಿರಿ. ಯಾವುದು ಕಮ್ಮಿಯೋ ಅದು. ಭಾವನನ್ನು ಕೇಳುವ ಅಗತ್ಯ ಇಲ್ಲ.

ಪಾಸ್ ಯಾವತ್ತೂ ದಂಡ ಅಂತ ನಾನು ಹೇಳುತ್ತಿಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಸುತ್ತುವವರಿಗೆ, ಅದರಲ್ಲೂ ಬೆಳಿಗ್ಗೆ ಎದ್ದು ಹವಾಮಾನ ನೋಡಿ ಊರು ತೀರ್ಮಾನಿಸುವವರಿಗೆ ಅದು ಒಳ್ಳೆಯದು. ಅಲ್ಲಿನ ಹೆಚ್ಚಿನ ರೈಲುಗಳಲ್ಲಿ ರಿಸರ್ವೇಶನ್ ಕಡ್ಡಾಯ ಇಲ್ಲ. ಕೊನೇ ಗಳಿಗೆಯ ಟಿಕೆಟ್ ದುಬಾರಿ, ಹಾಗಾಗಿ ಪಾಸ್ ದುಡ್ಡು ವಸೂಲಾಗುತ್ತದೆ. ಸಣ್ಣ ಮಕ್ಕಳಿದ್ದರೆ ಈ ಸ್ವಾತಂತ್ರ್ಯಕ್ಕೆ ಬೆಲೆ ಇದೆ. ಒಂದು ಮಗುವಿಗೆ ಜ್ವರ ಬಂದರೆ ಅಗ್ಗದ ಟಿಕೆಟ್ ಹೋಯಿತು ಅಂತಲೇ ಲೆಕ್ಕ.

ಆದರೆ ತಗೊಂಡರೆ ಒಂದು ನೆನಪಿಡಿ. ಪಾಸ್ ಈಗ ಮೊಬೈಲ್ ಆ್ಯಪ್‌ನಲ್ಲಿ ಬರುತ್ತದೆ. ಹತ್ತುವ ಮುಂಚೆ ಪ್ರತಿ ರೈಲನ್ನೂ ಆ್ಯಪ್‌ನಲ್ಲಿ ಸೇರಿಸಬೇಕು. ಸೇರಿಸದೆ ಕೂತರೆ ಪಾಸ್ ಇದ್ದರೂ ಟಿಕೆಟ್ ಇಲ್ಲದವರೇ. ಮಕ್ಕಳ ಪಾಸಿಗೂ ಇದೇ ನಿಯಮ.

ಐಂಡ್‌ಹೋವನ್‌ನಲ್ಲೋ ಮ್ಯೂನಿಕ್‌ನಲ್ಲೋ ಕೆಲಸದಲ್ಲಿರುವ ತಮ್ಮನ ಮನೆಗೆ ಹೋಗುವವರು ಇದನ್ನೂ ಓದಿ. ಅಲ್ಲಿ ವಾಸ ಇರುವವರಿಗೆ ಯೂರೇಲ್ ಸಿಗುವುದಿಲ್ಲ, ಅವರದ್ದು ಇಂಟರ್‌ರೇಲ್ ಎಂಬ ಪಾಸ್. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವುದಿಲ್ಲ, ವಾಸ ಎಲ್ಲಿ ಅಂತ ಮಾತ್ರ. ತಮ್ಮನಿಗೆ ಅವನಿರುವ ದೇಶದೊಳಗೆ ಪಾಸ್ ನಡೆಯುವುದು ಹೊರಡಲು ಒಂದು ದಿನ, ವಾಪಸ್ ಬರಲು ಒಂದು ದಿನ. ಊರಿನಿಂದ ಹೋದ ಅಪ್ಪ ಅಮ್ಮನಿಗೆ ಆ ಮಿತಿ ಇಲ್ಲ. ಇಬ್ಬರೂ ಒಂದೇ ರೈಲಿನಲ್ಲಿ ಕೂರಬಹುದು.

ನಿಮ್ಮ ದಾರಿಯ ಬಗ್ಗೆ ಎರಡು ಮಾತು. ಪ್ಯಾರಿಸ್‌ಗೆ ಇಳಿದು ಪ್ಯಾರಿಸ್‌ಗೇ ವಾಪಸ್ ಬರುವ ಹಟ ಯಾಕೆ? ಬೆಂಗಳೂರಿನಿಂದ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ, ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇವೆ. ಒಂದು ಊರಿಗೆ ಇಳಿದು ಇನ್ನೊಂದರಿಂದ ಹೊರಟರೆ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಿಂದ ಪ್ಯಾರಿಸ್‌ಗೆ ಬರುವ ಮೂರು ಗಂಟೆಯ ಟಿಜಿವಿ ಖರ್ಚೇ ಉಳಿಯುತ್ತದೆ. ಫ್ರಾಂಕ್‌ಫರ್ಟ್‌ನಲ್ಲಂತೂ ದೂರದ ರೈಲುಗಳು ವಿಮಾನ ನಿಲ್ದಾಣಕ್ಕೇ ಬಂದು ನಿಲ್ಲುತ್ತವೆ.

ಎರಡನೆಯದು, ಕೊಲೋನ್‌ನಿಂದ ದಕ್ಷಿಣಕ್ಕೆ ಹೋಗುವಾಗ ಅವಸರ ಬೇಡ. 2002ರಲ್ಲಿ ಶುರುವಾದ ವೇಗದ ಹಳಿಯಲ್ಲಿ ಫ್ರಾಂಕ್‌ಫರ್ಟ್‌ಗೆ ಒಂದು ಗಂಟೆ ಸಾಕು, ಆದರೆ ಕಿಟಕಿಯಲ್ಲಿ ಕಾಣುವುದು ಸುರಂಗ ಮತ್ತು ಹೆದ್ದಾರಿ. ಹಳೇ ಹಳಿ ಕೋಬ್ಲೆಂಜ್‌ನಿಂದ ಮೈಂಜ್ ತನಕ ರೈನ್ ನದಿಯ ದಂಡೆಯಲ್ಲೇ ಹೋಗುತ್ತದೆ. ಗುಡ್ಡದ ಮೇಲೆ ಕೋಟೆ, ಕೆಳಗೆ ಸರಕಿನ ದೋಣಿಗಳು, ಇಳಿಜಾರಿನಲ್ಲಿ ದ್ರಾಕ್ಷಿ ತೋಟ. 9 ವರ್ಷದವರು ಕೋಟೆ ಎಣಿಸಲು ಶುರು ಮಾಡಿದರೆ ನಿಮಗೆ ಅಷ್ಟು ಹೊತ್ತು ನೆಮ್ಮದಿ.

ಜರ್ಮನಿಯಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಇದ್ದರೂ ನಿಂತು ಹೋಗಬೇಕಾಗಬಹುದು. ಸೆಕೆಂಡ್ ಕ್ಲಾಸ್ ಸೀಟಿಗೆ 5.50 ಯೂರೋ. ಮೊದಲು ಇಡೀ ಕುಟುಂಬಕ್ಕೆ ಒಂದೇ ದರ ಇತ್ತು, 2025ರ ಜೂನ್‌ನಲ್ಲಿ ತೆಗೆದುಹಾಕಿದರು. ಆಗಿನಿಂದ ಮಕ್ಕಳ ತಲೆಯನ್ನೂ ಎಣಿಸತೊಡಗಿದರು. ಆದರೂ ಮಾಡಿಸಿ, ಇದರಲ್ಲಿ ಜಿಪುಣತನ ಬೇಡ. ಇನ್ನು "ಜರ್ಮನ್ ರೈಲು ಗಡಿಯಾರದ ಹಾಗೆ" ಎನ್ನುವವರಿಗೆ: 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ 62.5. ಆರು ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕಕ್ಕೇ ಹಿಡಿಯದೆ ಬಂದ ಸಂಖ್ಯೆ ಅದು. ರೈಲು ಬದಲಿಸುವ ಕಡೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ. ಇಡೀ ದಾರಿಗೆ ಒಂದೇ ಟಿಕೆಟ್ ಮಾಡಿಸಿ, ಆಗ ಮುಂದಿನ ರೈಲು ತಪ್ಪಿದರೆ ಅದರ ನಂತರದ್ದರಲ್ಲಿ ಹೋಗಬಹುದು. ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಕೇಳುವ ಹಕ್ಕು ಇದೆ. ಆದರೆ ನೀವೇ ಕೇಳಬೇಕು.

ಸ್ವಿಟ್ಜರ್ಲೆಂಡ್‌ನ ಡಬಲ್ ಡೆಕ್ಕರ್ ಇಂಟರ್‌ಸಿಟಿ ರೈಲುಗಳಲ್ಲಿ ಕುಟುಂಬದ ಬೋಗಿ ಅಂತ ಒಂದಿರುತ್ತದೆ. ಅದರ ಮೇಲಂತಸ್ತಿನಲ್ಲಿ ಜಾರುಬಂಡಿ ಇದೆ. ಹೌದು, ಓಡುವ ರೈಲಿನಲ್ಲಿ. ಐದು ವರ್ಷದ ಮಗುವಿಗೆ ಆಲ್ಪ್ಸ್ ಪರ್ವತಕ್ಕಿಂತ ಅದೇ ಜಾಸ್ತಿ ನೆನಪಿರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ: ಊಟ. ರೈಲಿನಲ್ಲಿ ನಿಮ್ಮ ಡಬ್ಬಿ ತೆಗೆದು ತಿನ್ನಲು ಯಾರ ಅಡ್ಡಿಯೂ ಇಲ್ಲ. ಯೂರೋಸ್ಟಾರ್‌ನಲ್ಲಿ ಚಪಾತಿ ಚಟ್ನಿಪುಡಿ ತಿಂದರೆ ಯಾರೂ ತಿರುಗಿಯೂ ನೋಡುವುದಿಲ್ಲ. ತೊಂದರೆ ಇರುವುದು ವಿಮಾನ ಇಳಿದಾಗ. ಹೊರಗಿನಿಂದ ಬರುವವರು ಮಾಂಸ, ಹಾಲು ಮತ್ತು ಹಾಲಿನಿಂದ ಮಾಡಿದ್ದನ್ನು ಯೂರೋಪ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ತುಪ್ಪ ಹಾಲಿನದ್ದೇ. ಅಜ್ಜಿ ಕಟ್ಟಿಕೊಟ್ಟ ಧಾರವಾಡ ಪೇಡ ಕೂಡ ಹಾಲಿನದ್ದೇ. ಹಸುಗೂಸಿನ ಹಾಲಿನ ಪುಡಿಗೆ ವಿನಾಯಿತಿ ಇದೆ, ಕಂಪನಿ ಪ್ಯಾಕ್ ಒಡೆಯದೆ ಇದ್ದರೆ 2 ಕೆಜಿ ತನಕ. ಹಣ್ಣು ತರಕಾರಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರಕ್ಕೆ ಬೇಡ. ಕರಿಬೇವಿಗೆ ಬೇಕು, ಹಾಗಾಗಿ ತಮ್ಮನ ಹೆಂಡತಿಗೆ ಅಂತ ಸೂಟ್‌ಕೇಸಿನ ಮೂಲೆಗೆ ತುರುಕಿದ ಸೊಪ್ಪನ್ನು ತೆಗೆದು ಮನೆಯಲ್ಲೇ ಇಟ್ಟು ಹೊರಡಿ. ಚಟ್ನಿಪುಡಿ, ತುಪ್ಪ ಹಾಕದ ಅವಲಕ್ಕಿ, ಪುಳಿಯೋಗರೆ ಗೊಜ್ಜು ಇಷ್ಟಿದ್ದರೆ ಕೊಲೋನ್ ತನಕ ನಡೆಯುತ್ತದೆ. ಜರ್ಮನಿಯಲ್ಲಿ ಭಾನುವಾರ ಊರಿನ ಅಂಗಡಿಗಳೆಲ್ಲಾ ಮುಚ್ಚಿರುತ್ತವೆ. ಮೊಸರು ಬೇಕಾದರೆ ಅವತ್ತು ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿ ಹುಡುಕಿ.