ಫ್ಲಾರಿಡಾ ಬೀಚಿನ ಶಾರ್ಕ್ ಬೇಟೆ: ಗಾಳ ಹಾಕಬಹುದು, ದಡಕ್ಕೆ ಎಳೆಯುವ ಹಾಗಿಲ್ಲ

ಫ್ಲಾರಿಡಾದ ಬೀಚಿನಲ್ಲಿ ನಿಂತು ಶಾರ್ಕ್‌ಗೆ ಗಾಳ ಹಾಕುವುದು ತಪ್ಪಲ್ಲ. ಆದರೆ ಸಿಕ್ಕಿದ್ದು ರಕ್ಷಿತ ಜಾತಿಯದಾದರೆ ಅದನ್ನು ನೀರಿನಿಂದ ಮೇಲೆ ಎಳೆಯುವುದು ತಪ್ಪು. ಯಾವ ಜಾತಿ ಅಂತ ಗೊತ್ತಾಗಲು ಹತ್ತಿರದಿಂದ ನೋಡಬೇಕು, ಹತ್ತಿರದಿಂದ ನೋಡಲು ಎಳೆಯಬೇಕು. ಕಗ್ಗಂಟು ಇರುವುದೇ ಇಲ್ಲಿ.

ಇದು ಹಳೆಯ ಹವ್ಯಾಸ. 1964ರಲ್ಲಿ ಸೌತ್ ಕ್ಯಾರೊಲಿನಾದ ಚೆರ್ರಿ ಗ್ರೋವ್‌ನಲ್ಲಿ, ಕಡಲೊಳಕ್ಕೆ ಚಾಚಿದ ಮರದ ಕಟ್ಟೆಯ ಮೇಲಿನಿಂದ ವಾಲ್ಟರ್ ಮ್ಯಾಕ್ಸ್‌ವೆಲ್ ಎಂಬವರು 1,780 ಪೌಂಡ್ ತೂಕದ ಟೈಗರ್ ಶಾರ್ಕ್ ಹಿಡಿದರು. ಅಂದರೆ ಸುಮಾರು 807 ಕೆ.ಜಿ. ಆಗ ಶಾರ್ಕ್ ಅಂದರೆ ತೂಗಿ, ನೇತುಹಾಕಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ವಸ್ತು. ಎಂಬತ್ತರ ದಶಕದಲ್ಲಿ ಮಾಂಸಕ್ಕೂ ರೆಕ್ಕೆಗೂ ಬೇಡಿಕೆ ಏರಿತು, ಸಂತತಿ ಕುಸಿಯಿತು, 1993ರಲ್ಲಿ ಅಮೆರಿಕ ಸರ್ಕಾರ ಅಟ್ಲಾಂಟಿಕ್ ಶಾರ್ಕ್‌ಗಳಿಗೆ ಮೊದಲ ನಿರ್ವಹಣಾ ಯೋಜನೆ ತಂದಿತು.

ಆಮೇಲೆ ಒಂದೊಂದೇ ಜಾತಿ, ಹಿಡಿದು ಇಟ್ಟುಕೊಳ್ಳುವ ಹಾಗಿಲ್ಲ ಎಂಬ ನಿಷೇಧದ ಪಟ್ಟಿ ಸೇರಿತು. 2000ದ ಹೊತ್ತಿಗೆ ಡಸ್ಕಿ, 2008ರಲ್ಲಿ ಸ್ಯಾಂಡ್‌ಬಾರ್. ಫ್ಲಾರಿಡಾ ತನ್ನ ಲೆಕ್ಕದಲ್ಲಿ 2010ರಲ್ಲಿ ಲೆಮನ್ ಶಾರ್ಕ್ ಸೇರಿಸಿತು. 2012ರಲ್ಲಿ ಟೈಗರ್ ಮತ್ತು ಸುತ್ತಿಗೆಯಂಥ ತಲೆಯ ಮೂರು ಬಗೆಯ ಹ್ಯಾಮರ್‌ಹೆಡ್ ಸೇರಿದವು. ದಡದಿಂದ ಗಾಳ ಹಾಕುವವರು ಕನಸು ಕಾಣುವ ದೊಡ್ಡ ಶಾರ್ಕ್‌ಗಳಲ್ಲಿ ಬಹಳಷ್ಟು ಇವೇ.

ಹಾಗಂತ ಬೇಟೆ ನಿಲ್ಲಲಿಲ್ಲ. 'ಹಿಡಿದು ಬಿಡುತ್ತೇವೆ' ಎಂಬ ಮಾತು ಬಂತು. ದೊಡ್ಡ ತೊರಕೆ ಮೀನಿನ ತುಂಡನ್ನೋ ಇಡೀ ಮೀನನ್ನೋ ಗಾಳಕ್ಕೆ ಸಿಕ್ಕಿಸಿ, ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ದೂರ ಒಯ್ದು ನೀರಿಗೆ ಬಿಡುತ್ತಾರೆ. ದಡದಲ್ಲಿ ಗಾಳದ ಕೋಲು ಊರಲು ಸೊಂಟಕ್ಕೆ ಬೆಲ್ಟ್ ಬಿಗಿದು ಜಗ್ಗಾಟ. ಕೊನೆಗೆ ಬಾಲಕ್ಕೆ ಹಗ್ಗ, ಮರಳಿನ ಮೇಲೆ ಫೋಟೊ, ಮತ್ತೆ ನೀರಿಗೆ. ಈಜಿಕೊಂಡು ಹೋಯಿತು, ಬದುಕಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ಗ್ರೇಟ್ ಹ್ಯಾಮರ್‌ಹೆಡ್ ಸುಸ್ತಾಗುವವರೆಗೆ ಸೆಣಸುವ ಪ್ರಾಣಿ. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ಬಿಟ್ಟ ಮೇಲೂ ಸಾಯಬಹುದು. ನೀರಿನಲ್ಲಿ ಹಗುರಾಗಿ ತೇಲುವ ಮೈ, ಮರಳಿನ ಮೇಲೆ ತನ್ನ ಭಾರಕ್ಕೆ ತಾನೇ ನಲುಗುತ್ತದೆ. ತಿನ್ನುವ ಉದ್ದೇಶವೇ ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ ಅಲ್ವಾ?

ಈ ನಡುವೆ ಈಜಲು ಬರುವವರ ದೂರು ಬೇರೆ. ನಮ್ಮ ಪಕ್ಕದಲ್ಲೇ ರಕ್ತ, ಮೀನಿನ ಚೂರು ಸುರಿದು ಶಾರ್ಕ್ ಕರೆದರೆ ಹೇಗೆ ಅಂತ. ಮೀನು ಹಿಡಿಯುವವರೂ ಬಿಡಲಿಲ್ಲ: ಬೀಚ್ ಎಲ್ಲರದ್ದೂ, ಶಾರ್ಕ್ ಮೊದಲೇ ಅಲ್ಲಿದೆ. ಊರಿನ ಆಡಳಿತಕ್ಕೆ ಮೀನುಗಾರಿಕೆ ಕಾನೂನು ಮಾಡುವ ಅಧಿಕಾರ ಇಲ್ಲ. ಅದು ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ್ದು.

ಆ ಆಯೋಗದ ಹೊಸ ನಿಯಮ 2019ರ ಜುಲೈ 1ರಂದು ಜಾರಿಯಾಯಿತು. ದಡದಿಂದ ಶಾರ್ಕ್ ಹಿಡಿಯಲು ಆನ್‌ಲೈನ್ ಪಾಠ ಮುಗಿಸಿ ಪರವಾನಗಿ ಪಡೆಯಬೇಕು. ಅದು ಉಚಿತ, ಪ್ರತಿ ವರ್ಷ ಹೊಸದು. ಬೀಚಿನಿಂದ ನೀರಿಗೆ ಮೀನಿನ ಚೂರು ಸುರಿಯುವುದು ಬಂದ್. ರಕ್ಷಿತ ಶಾರ್ಕ್‌ನ ಕಿವಿರು ನೀರಿನಲ್ಲೇ ಇರಬೇಕು. ಮೀನಿನ ತುಂಡು ಕಟ್ಟಿದರೆ ತುದಿ ಒಳಕ್ಕೆ ಬಾಗಿದ ದುಂಡು ಕೊಕ್ಕೆ, ಅಂದರೆ ಸರ್ಕಲ್ ಹುಕ್, ಕಡ್ಡಾಯ, ಅದೂ ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು. ಕೊಕ್ಕೆ ಕತ್ತರಿಸುವ ಸಾಧನ ಕೈಯಲ್ಲಿರಬೇಕು. 'ನಾನು ಬೇರೆ ಮೀನಿಗೆ ಬಂದವನು' ಎನ್ನುವವರಿಗೂ ಉತ್ತರ ಇತ್ತು: ಕೊಕ್ಕೆಗೆ ಕಟ್ಟಿದ, ನಾಲ್ಕು ಅಡಿಗಿಂತ ಉದ್ದದ ಲೋಹದ ತಂತಿಯೋ, ಕೋಲು ಊರುವ ಆ ಸೊಂಟದ ಬೆಲ್ಟೋ ಇದ್ದರೆ ಶಾರ್ಕ್‌ಗೇ ಬಂದಿದ್ದೀರಿ ಅಂತ ಲೆಕ್ಕ. ಜಾಣ ನಿಯಮ. ಆದರೆ ಇಡೀ ಭಾರ ಬಿದ್ದಿದ್ದು ಗುರುತಿಸುವವನ ಕಣ್ಣಿನ ಮೇಲೆ.

ಗುರುತಿಸುವುದು ಸುಲಭವೇ? ಹ್ಯಾಮರ್‌ಹೆಡ್ ಮಗುವಿಗೂ ಗೊತ್ತಾಗುತ್ತದೆ. ಅದರ ಹತ್ತಿರದ ನೆಂಟ ಬಾನೆಟ್‌ಹೆಡ್‌ನ ತಲೆ ಸಲಿಕೆಯಂತೆ ದುಂಡಗೆ, ಅದನ್ನು ಹಿಡಿದು ಇಟ್ಟುಕೊಳ್ಳಬಹುದು. ಲೆಮನ್ ಶಾರ್ಕ್‌ಗೆ ಬೆನ್ನಿನ ಎರಡೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ. ನರ್ಸ್ ಶಾರ್ಕ್‌ಗೆ ಮೂತಿಯ ಬಳಿ ಎರಡು ಮೀಸೆ. ಪೇಚು ಉಳಿದ ಬೂದು ಶಾರ್ಕ್‌ಗಳದ್ದು. ಬೆನ್ನಿನ ಎರಡು ರೆಕ್ಕೆಗಳ ನಡುವೆ ಚರ್ಮದ ಸಣ್ಣ ಏಣು ಇದೆಯಾ ನೋಡಬೇಕು. ಡಸ್ಕಿ, ಸ್ಯಾಂಡ್‌ಬಾರ್, ಸಿಲ್ಕಿಗಳಿಗೆ ಇದೆ, ಮೂರೂ ನಿಷಿದ್ಧ. ಬುಲ್, ಬ್ಲ್ಯಾಕ್‌ಟಿಪ್, ಸ್ಪಿನ್ನರ್‌ಗಳಿಗೆ ಇಲ್ಲ. ಏಣಿಲ್ಲದಿದ್ದರೆ ಸರಿ ಅನ್ನೋಣವೆಂದರೆ ಲೆಮನ್‌ಗೂ ಏಣಿಲ್ಲ, ಅದು ನಿಷಿದ್ಧ! ಬ್ಲ್ಯಾಕ್‌ಟಿಪ್ ಮತ್ತು ಸ್ಪಿನ್ನರ್ ಇನ್ನೂ ಮೋಜು. ಎರಡರ ರೆಕ್ಕೆಗೂ ಕಪ್ಪು ತುದಿ. ಹೊಟ್ಟೆಯಡಿ ಬಾಲದ ಹತ್ತಿರದ ರೆಕ್ಕೆಯ ತುದಿಯೂ ಕಪ್ಪಾಗಿದ್ದರೆ ಅದು ಸಾಮಾನ್ಯವಾಗಿ ಸ್ಪಿನ್ನರ್. ಫ್ಲಾರಿಡಾದಲ್ಲಿ ಬ್ಲ್ಯಾಕ್‌ಟಿಪ್ ಇಟ್ಟುಕೊಳ್ಳಲು ಕನಿಷ್ಠ ಅಳತೆ ಇಲ್ಲ, ಸ್ಪಿನ್ನರ್ ಮೂತಿಯಿಂದ ಬಾಲದ ಕವಲಿನವರೆಗೆ 54 ಇಂಚು ಇರಬೇಕು. ಇದನ್ನೆಲ್ಲ ರಾತ್ರಿ, ಅಲೆಯಲ್ಲಿ, ಟಾರ್ಚ್ ಬೆಳಕಿನಲ್ಲಿ, ಒದೆಯುತ್ತಿರುವ ಪ್ರಾಣಿಯ ಮೇಲೆ ಹುಡುಕಬೇಕು.

ದಡದಿಂದ ದೂರದಲ್ಲಿ, ಅಮೆರಿಕದ ಕೇಂದ್ರ ಸರ್ಕಾರದ ಹಿಡಿತದಲ್ಲಿರುವ ಕಡಲಿನಲ್ಲಿ ದೋಣಿಯಿಂದ ಶಾರ್ಕ್ ಹಿಡಿಯುವವರಿಗೆ 2018ರಿಂದ ಗುರುತಿನ ಸಣ್ಣ ಪರೀಕ್ಷೆಯೇ ಇದೆ. ಗೊತ್ತಾಗದಿದ್ದರೆ ಬಿಟ್ಟುಬಿಡಿ ಅನ್ನುವುದೇ ಅಲ್ಲಿನ ಮೀನುಗಾರಿಕೆ ಇಲಾಖೆಯ ಸಲಹೆ.

ಈಗ ದೂರು ಇನ್ನೊಂದು ಕಡೆಯಿಂದ ಬಂದಿದೆ. ಶಾರ್ಕ್ ಜಾಸ್ತಿಯಾಗಿವೆ, ಗಾಳಕ್ಕೆ ಬಿದ್ದ ಮೀನನ್ನು ಅವೇ ಕಚ್ಚಿಕೊಂಡು ಹೋಗುತ್ತಿವೆ, ಹಿಡಿಯಲು ಹೆಚ್ಚು ಅವಕಾಶ ಕೊಡಿ ಅಂತ. ಕಚ್ಚಿದ್ದು ಯಾವ ಜಾತಿ? ಮೇಲೆ ಬರುವುದು ಬರೀ ಮೀನಿನ ತಲೆ. ಹಾಗಾಗಿ ಸಂಶೋಧಕರು ಆ ಗಾಯವನ್ನು ಹತ್ತಿಯಿಂದ ಒರೆಸಿ, ಶಾರ್ಕ್ ಬಿಟ್ಟುಹೋದ ಡಿಎನ್ಎ ಹುಡುಕುತ್ತಿದ್ದಾರೆ.