ಯೂನಿವರ್ಸಲ್ ಜಾಯಿಂಟ್: ಬಿಚ್ಚುವ ಮೊದಲು ಗುರುತು ಯಾಕೆ ಹಾಕಬೇಕು?

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಹತ್ತು ಮುಗಿಸಿ ಐಟಿಐಗೆ ಸೇರಿದವರಿಗೆ ಒಂದು ಕಷ್ಟ ಇದ್ದೇ ಇದೆ. ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಮಲಯಾಳದಲ್ಲಿ, ಯೋಚನೆ ಓಡುವುದು ಕನ್ನಡದಲ್ಲಿ. ಯೂನಿವರ್ಸಲ್ ಜಾಯಿಂಟಿನ ಪಾಠ ನನಗೆ ಪರೀಕ್ಷೆಗೆ ಬೇಕಾದಷ್ಟು ಬಾಯಿಪಾಠ ಇತ್ತು. ಅರ್ಥ ಆದದ್ದು ಆಮೇಲೆ, ಮುಳ್ಳೇರಿಯ ಕಡೆಯ ಒಂದು ವರ್ಕ್‌ಶಾಪಿನಲ್ಲಿ, ಜೀಪಿನ ಅಡಿಯಲ್ಲಿ ಮಲಗಿದಾಗ. ನನ್ನ ಹಾಗೆಯೇ ಕಲಿಯುತ್ತಿರುವವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ.

ಮೊದಲು ಇದು ಯಾಕೆ ಬೇಕು ಅಂತ ನೋಡೋಣ. ಜೀಪಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಚಾಸಿಸ್ಸಿಗೆ ಕೂತಿವೆ. ಹಿಂದಿನ ಆಕ್ಸಲ್, ಅಂದರೆ ಹಿಂದಿನ ಚಕ್ರಗಳ ಅಚ್ಚು, ಲೀಫ್ ಸ್ಪ್ರಿಂಗಿನ ಜೊತೆ ಮೇಲೆ ಕೆಳಗೆ ಹೋಗುತ್ತಲೇ ಇರುತ್ತದೆ. ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಕೋರೆಯ ದಾರಿಯಲ್ಲಿ ಒಂದು ಹೊಂಡಕ್ಕೆ ಚಕ್ರ ಇಳಿದರೆ ಸಾಕು, ಗೇರ್‌ಬಾಕ್ಸಿಗೂ ಆಕ್ಸಲಿಗೂ ನಡುವಿನ ಕೋನ ಬದಲಾಗುತ್ತದೆ, ದೂರವೂ ಬದಲಾಗುತ್ತದೆ. ಗೇರ್‌ಬಾಕ್ಸಿನ ತಿರುಗಾಟವನ್ನು ಆಕ್ಸಲಿಗೆ ದಾಟಿಸಲು ನಡುವೆ ಇರುವ ಪ್ರೊಪೆಲ್ಲರ್ ಶಾಫ್ಟ್ ನೇರ ಕಂಬಿಯ ಹಾಗೆ ಬಿಗಿದಿದ್ದರೆ ಮುರಿದೇ ಹೋಗುತ್ತದೆ. ಕೋನ ಬದಲಾಗುವುದನ್ನು ಯೂನಿವರ್ಸಲ್ ಜಾಯಿಂಟ್ ತಾಳಿಕೊಳ್ಳುತ್ತದೆ. ದೂರ ಬದಲಾಗುವುದನ್ನು ಸ್ಲಿಪ್ ಜಾಯಿಂಟ್, ಅಂದರೆ ಹಲ್ಲು ಹಲ್ಲಾಗಿರುವ ಸ್ಪ್ಲೈನ್, ಒಳಗೆ ಹೊರಗೆ ಜಾರಿ ತಾಳಿಕೊಳ್ಳುತ್ತದೆ.

ಯೋಕ್ ಅಂದರೆ ನಮ್ಮ ಕವೆ. ಎರಡು ಶಾಫ್ಟಿನ ತುದಿಯಲ್ಲಿ ಎರಡು ಕವೆ, ಒಂದಕ್ಕೊಂದು ಅಡ್ಡ. ನಡುವೆ ಕೂಡಿಸುವ ಚಿಹ್ನೆಯ ಆಕಾರದ ಕ್ರಾಸ್. ಕ್ರಾಸಿನ ನಾಲ್ಕು ಕಾಲಿಗೂ ಒಂದೊಂದು ಬೇರಿಂಗ್ ಕಪ್, ಕಪ್ಪಿನೊಳಗೆ ಸೂಜಿಯಂಥ ರೋಲರುಗಳು, ಕಪ್ ಹೊರಗೆ ಬಾರದ ಹಾಗೆ ಸರ್ಕ್ಲಿಪ್ ಅನ್ನುವ ಸ್ಪ್ರಿಂಗ್ ಉಂಗುರ. ಇಷ್ಟೇ ಭಾಗಗಳು.

ಇಟಲಿಯ ಜೆರೊಲಾಮೊ ಕಾರ್ಡಾನೊ 16ನೇ ಶತಮಾನದವನು. ಈ ಜಾಯಿಂಟ್ ಇರುವ ಶಾಫ್ಟಿಗೆ ಕಾರ್ಡನ್ ಶಾಫ್ಟ್ ಅನ್ನುವ ಮಾತು ಬಂದದ್ದು ಅವನ ಹೆಸರಿನಿಂದ. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಈ ಜಾಯಿಂಟಿನ ಬಗ್ಗೆ ಬರೆದ. ಪುಸ್ತಕದಲ್ಲಿ ಹುಕ್ಸ್ ಜಾಯಿಂಟ್ ಅಂತ ಇರುವುದು ಅದಕ್ಕೇ. ಸ್ಪ್ರಿಂಗಿನ ನಿಯಮ ಹೇಳಿದ ಹುಕ್ ಇವನೇ. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಇದನ್ನು ಕಾರಿಗೆ ತಕ್ಕ ಹಾಗೆ ಮಾಡಿ 1903ರಲ್ಲಿ ಪೇಟೆಂಟ್ ಪಡೆದ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಈ ಜಾಯಿಂಟ್ ಕೋನದಲ್ಲಿ ತಿರುಗುವಾಗ ವೇಗವನ್ನು ಒಂದೇ ಸಮನೆ ದಾಟಿಸುವುದಿಲ್ಲ. ನನಗೆ ಇದನ್ನು ನಂಬಲು ಆಗಿರಲಿಲ್ಲ. ಗೇರ್‌ಬಾಕ್ಸ್ ಕಡೆ ಒಂದು ಸುತ್ತು ಆದರೆ ಈ ಕಡೆಯೂ ಒಂದು ಸುತ್ತು ಆಗಲೇಬೇಕು, ಅಲ್ವಾ? ಆಗುತ್ತದೆ. ಆದರೆ ಆ ಒಂದು ಸುತ್ತಿನೊಳಗೆ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದು. ಪೇರಳೆ ಮರದ ಎರಡು ಕವೆ ಕೋಲು ಕಡಿದುಕೊಳ್ಳಿ. ಒಂದು ಸಣ್ಣ ಚೌಕ ಮರದ ತುಂಡು ಇಟ್ಟು, ಕವೆಯ ತುದಿಗಳಿಂದ ಅದರ ನಾಲ್ಕು ಬದಿಗೆ ನಾಲ್ಕು ಮೊಳೆ ಹೊಡೆಯಿರಿ. ಕವೆಯ ತೂತು ಸ್ವಲ್ಪ ಸಡಿಲ ಇರಲಿ. ಎರಡೂ ಕೋಲುಗಳನ್ನು ಮೇಜಿಗೆ ಸಮನಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ ಹಿಡಿದು, ತಿರುಗಿಸುವ ಕಡೆಯ ಮೊಳೆಗಳು ಮೇಜಿಗೆ ಸಮನಾಗಿ ಮಲಗಿರುವಾಗ ಎರಡು ಕೋಲಿಗೂ ಸೀಮೆಸುಣ್ಣದ ಗೆರೆ ಹಾಕಿ. ಈಗ ನಿಧಾನ ತಿರುಗಿಸಿ. ಈ ಕಡೆ 45 ಡಿಗ್ರಿ ತಿರುಗಿಸಿದರೆ ಆ ಕಡೆ 49 ಡಿಗ್ರಿ ಆಗಿರುತ್ತದೆ. 90ಕ್ಕೆ ಬಂದಾಗ ಎರಡೂ ಸಮ. ಹಾಗಾದರೆ ಮೊದಲರ್ಧದಲ್ಲಿ ಅದು ಮುಂದೆ ಓಡಿತ್ತು, ಎರಡನೆಯ ಅರ್ಧದಲ್ಲಿ ನಿಧಾನ ಆಗಿ ನಮ್ಮ ಜೊತೆ ಸೇರಿಕೊಂಡಿತು. ಮುಂದಿನ ಕಾಲು ಸುತ್ತಿನಲ್ಲಿ ಇದು ತಿರುವುಮುರುವು: ಮೊದಲು ಹಿಂದೆ ಬೀಳುತ್ತದೆ, ಆಮೇಲೆ ಓಡಿ ಬಂದು ಸೇರಿಕೊಳ್ಳುತ್ತದೆ. ಉಳಿದ ಅರ್ಧ ಸುತ್ತಿನಲ್ಲಿ ಇದೇ ಆಟ ಇನ್ನೊಮ್ಮೆ.

ಲೆಕ್ಕ ಸುಲಭ. ವೇಗ ಅತಿ ಕಡಿಮೆ ಆದಾಗ, ತಿರುಗಿಸುವ ವೇಗವನ್ನು ಕೋನದ ಕೊಸೈನಿನಿಂದ ಗುಣಿಸಿದಷ್ಟು. ಅತಿ ಜಾಸ್ತಿ ಆದಾಗ, ಅದೇ ಕೊಸೈನಿನಿಂದ ಭಾಗಿಸಿದಷ್ಟು. ಗೇರ್‌ಬಾಕ್ಸಿನಿಂದ 1000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 1000 ಸುತ್ತು, ಬರುತ್ತಿದೆ ಅಂದುಕೊಳ್ಳಿ. ಕೋನ 10 ಡಿಗ್ರಿ ಇದ್ದರೆ ಶಾಫ್ಟ್ 985ರಿಂದ 1015ರ ನಡುವೆ ಓಲಾಡುತ್ತದೆ. 20 ಡಿಗ್ರಿಗೆ 940ರಿಂದ 1064. 30 ಡಿಗ್ರಿಗೆ 866ರಿಂದ 1155. ಕೋನ ಮೂರು ಪಟ್ಟು ಆದರೆ ಓಲಾಟ ಸುಮಾರು ಒಂಬತ್ತು ಪಟ್ಟು. ಜೀಪನ್ನು ಚಂದಕ್ಕೆ ಎತ್ತರ ಮಾಡಿಸಿದವರ ಗಾಡಿಯಲ್ಲಿ ನಡುಕ ಶುರುವಾಗುವುದಕ್ಕೆ ಇದೂ ಒಂದು ಕಾರಣ.

ಈ ಓಲಾಟ ಎಷ್ಟು ಬೇಗ ಬೇಗ ಆಗುತ್ತದೆ ಗೊತ್ತಾ? ಟಯರ್ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ, ಆಕ್ಸಲಿನ ಗೇರ್ ಅನುಪಾತ 4 (ಚಕ್ರದ ಒಂದು ಸುತ್ತಿಗೆ ಶಾಫ್ಟಿನ ನಾಲ್ಕು ಸುತ್ತು) ಅಂತ ಇಟ್ಟುಕೊಂಡರೆ, 60 ಕಿ.ಮೀ. ವೇಗದಲ್ಲಿ ಶಾಫ್ಟ್ ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತದೆ. ಸುತ್ತಿಗೆ ಎರಡರಂತೆ, ಸೆಕೆಂಡಿಗೆ 60 ಸಲ ಜಗ್ಗಾಟ. ಅದು ನೇರ ಆಕ್ಸಲಿಗೆ ಹೋದರೆ ಗೇರಿನ ಹಲ್ಲು ಉಳಿಯುವುದು ಕಷ್ಟ.

ಅದಕ್ಕೇ ಎರಡು ಜಾಯಿಂಟ್. ಮುಂದಿನ ಜಾಯಿಂಟ್ ಶಾಫ್ಟನ್ನು ಎಷ್ಟು ಮುಂದೆ ಓಡಿಸುತ್ತದೋ, ಹಿಂದಿನದು ಅಷ್ಟೇ ಹಿಂದಕ್ಕೆ ಎಳೆದು ಸರಿ ಮಾಡುತ್ತದೆ. ಇದಕ್ಕೆ ಎರಡು ಷರತ್ತು ಇವೆ. ಗೇರ್‌ಬಾಕ್ಸಿನ ಶಾಫ್ಟೂ ಆಕ್ಸಲಿನ ಪಿನಿಯನ್ ಶಾಫ್ಟೂ (ಆಕ್ಸಲಿನ ಗೇರನ್ನು ತಿರುಗಿಸುವ ಶಾಫ್ಟ್) ಸಮಾಂತರ ಇರಬೇಕು, ಆಗ ಎರಡೂ ಕಡೆಯ ಕೋನ ಒಂದೇ ಆಗುತ್ತದೆ. ಮತ್ತೆ, ನಡುವಿನ ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರದಲ್ಲಿ ಇರಬೇಕು.

ಎರಡನೆಯ ಷರತ್ತನ್ನೇ ನಾನು ತಪ್ಪಿಸಿದ್ದು. ಜೀಪಿನ ಕ್ರಾಸ್ ಬದಲಿಸಲು ಶಾಫ್ಟ್ ಇಳಿಸಿದೆ. ಸ್ಲಿಪ್ ಜಾಯಿಂಟ್ ಎಳೆದು ಎರಡು ತುಂಡು ಮಾಡಿ, ತೊಳೆದು, ಹೊಸ ಕ್ರಾಸ್ ಹಾಕಿ, ಸ್ಪ್ಲೈನನ್ನು ಕೈಗೆ ಬಂದ ಹಾಗೆ ಸೇರಿಸಿದೆ. ಎಲ್ಲ ಹೊಸತು, ಬಿಗಿ, ಗ್ರೀಸ್ ತುಂಬ ಇದೆ. ಚೆರ್ಕಳ–ಜಾಲ್ಸೂರು ರಸ್ತೆಗೆ ಇಳಿದ ಕೂಡಲೇ ನೆಲದಿಂದ ನಡುಕ ಶುರು. ವೇಗ ಏರಿದ ಹಾಗೆ ಸೀಟೇ ನಡುಗಿತು. ವಾಪಸ್ ಬಂದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಅಣ್ಣ ಅಡಿಗೆ ಇಣುಕಿ ಕೇಳಿದ್ದು ಒಂದೇ: "ಬಿಚ್ಚುವಾಗ ಗುರುತು ಹಾಕಿದ್ದೀಯಾ ಮಾರಾಯ?"

ಹಾಕಿರಲಿಲ್ಲ. ಎರಡು ಕವೆಗಳು ಒಂದಕ್ಕೊಂದು ಅಡ್ಡ ಕೂತಿದ್ದವು. ಹಾಗೆ ಪೂರ್ತಿ 90 ಡಿಗ್ರಿ ತಪ್ಪಿದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುವ ಬದಲು ಎರಡೂ ತಪ್ಪು ಕೂಡಿಕೊಳ್ಳುತ್ತವೆ. ಅದೇ 1000 ಆರ್‌ಪಿಎಂ ಲೆಕ್ಕದಲ್ಲಿ, 10 ಡಿಗ್ರಿ ಕೋನದಲ್ಲಿ ಪಿನಿಯನ್ 970ರಿಂದ 1031ರ ನಡುವೆ ಓಲಾಡುತ್ತದೆ. ಒಂದೆರಡು ಹಲ್ಲು ತಪ್ಪಿದರೂ ತೊಂದರೆಯೇ. ಅಂದಿನಿಂದ ಸ್ಪ್ಯಾನರ್ ಹಿಡಿಯುವ ಮೊದಲೇ ಫ್ಲೇಂಜಿಗೂ (ಶಾಫ್ಟನ್ನು ಬೋಲ್ಟ್ ಹಾಕಿ ಕೂರಿಸುವ ತಟ್ಟೆ) ಸ್ಲಿಪ್ ಜಾಯಿಂಟಿನ ಎರಡು ಬದಿಗೂ ಪಂಚ್ ಗುರುತು, ಅಂದರೆ ಮೊನೆಯ ಉಳಿಯಿಂದ ಕುಟ್ಟಿದ ಚುಕ್ಕಿ, ಹಾಕುತ್ತೇನೆ. ಸೀಮೆಸುಣ್ಣ ಸಾಲದು, ಡೀಸೆಲಿನಲ್ಲಿ ತೊಳೆದರೆ ಹೋಗುತ್ತದೆ. ಕೆಲವು ಶಾಫ್ಟಿನಲ್ಲಿ ಕಂಪನಿಯೇ ಬಾಣದ ಗುರುತು ಕೊಟ್ಟಿರುತ್ತದೆ, ಮಣ್ಣು ಕೆರೆದು ನೋಡಿ.

ಗ್ರೀಸ್ ಯಾಕೆ ಅಷ್ಟು ಮುಖ್ಯ ಅನ್ನುವುದೂ ಈ ಕೋನದಿಂದಲೇ ಗೊತ್ತಾಗುತ್ತದೆ. ಚಕ್ರದ ಬೇರಿಂಗ್ ಪೂರ್ತಿ ಸುತ್ತು ತಿರುಗುತ್ತದೆ. ಕ್ರಾಸಿನ ಸೂಜಿ ರೋಲರುಗಳು ಹಾಗಲ್ಲ, ಶಾಫ್ಟಿನ ಕೋನ ಎಷ್ಟಿದೆಯೋ ಅಷ್ಟೇ ಅತ್ತಿತ್ತ ಹೊರಳುತ್ತವೆ. ಪ್ರತಿ ಸೂಜಿಯೂ ಒಂದೇ ಸಣ್ಣ ಜಾಗವನ್ನು ಲಕ್ಷಗಟ್ಟಲೆ ಸಲ ತುಳಿಯುತ್ತದೆ. ಅಲ್ಲಿನ ಗ್ರೀಸ್ ಪಕ್ಕಕ್ಕೆ ಸರಿದು ಹೋಗುತ್ತದೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ. ಹಳೆಯ ಕ್ರಾಸಿನ ಕಾಲಿನ ಮೇಲೆ ಉಗುರು ಎಳೆದು ನೋಡಿ, ಸೂಜಿ ಒತ್ತಿದ ಗೆರೆಗಳು ಒಂದೊಂದಾಗಿ ತಟ್ಟುತ್ತವೆ. ಕೋನ ಪೂರ್ತಿ ಸೊನ್ನೆ ಆದರೆ ಒಳ್ಳೆಯದು ಅಂದುಕೊಳ್ಳಬೇಡಿ. ಆಗ ಸೂಜಿ ಹೊರಳುವುದೇ ಇಲ್ಲ, ಗೆರೆ ಇನ್ನೂ ಬೇಗ ಬೀಳುತ್ತದೆ. ಸ್ವಲ್ಪ ಕೋನ ಇರಲೇಬೇಕು.

ಗ್ರೀಸ್ ಹಾಕುವ ಮೊದಲು ನಿಪ್ಪಲ್ (ಗ್ರೀಸ್ ಒತ್ತುವ ಸಣ್ಣ ಮೂತಿ) ಒರೆಸಿ, ಇಲ್ಲದಿದ್ದರೆ ಮಣ್ಣನ್ನೂ ಒಳಗೆ ತಳ್ಳಿದ ಹಾಗೆ. ಲಿಥಿಯಂ ಗ್ರೀಸ್, ಗಾಡಿಯ ಪುಸ್ತಕ ಹೇಳಿದ ದರ್ಜೆಯದು. ನಾಲ್ಕೂ ಕಪ್ಪಿನ ಸೀಲಿನಿಂದ ಹೊಸ ಗ್ರೀಸ್ ಹೊರಗೆ ಕಾಣುವವರೆಗೆ ಒತ್ತಬೇಕು. ಮೂರರಲ್ಲಿ ಬಂತು, ಒಂದರಲ್ಲಿ ಬರಲಿಲ್ಲ ಅಂದರೆ ಕೆಲಸ ಮುಗಿದಿಲ್ಲ. ಶಾಫ್ಟನ್ನು ಅಲುಗಾಡಿಸಿ, ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಒಣಗಿದ ಆ ಒಂದು ಕಾಲೇ ಮೊದಲು ಹಾಳಾಗುವುದು. ಸ್ಪ್ಲೈನಿಗೂ ಗ್ರೀಸ್ ಬೇಕು, ಅದನ್ನು ಮರೆಯುವವರೇ ಜಾಸ್ತಿ. ಎಷ್ಟು ಕಿ.ಮೀ.ಗೆ ಒಮ್ಮೆ ಅನ್ನುವುದು ಪುಸ್ತಕದಲ್ಲಿ ಇರುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ತೋಡು ದಾಟಿದ ಗಾಡಿಗೆ ಆ ಲೆಕ್ಕ ಹಿಡಿದು ಕೂರಬೇಡಿ, ಬೇಗ ಹಾಕಿ. ನಿಪ್ಪಲ್ ಇಲ್ಲದ ಸೀಲ್ಡ್ ಕ್ರಾಸ್ ಆದರೆ ಗ್ರೀಸ್ ಹಾಕಲು ದಾರಿ ಇಲ್ಲ, ಸಡಿಲ ಆದರೆ ಬದಲಿಸುವುದೇ.

ಒಂದು ವಿಷಯ ನಮ್ಮ ಊರಿಗೇ ಸೇರಿದ್ದು. ಕಪ್ಪಿನ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ತುಕ್ಕು ಹಿಡಿದಿದೆ ಅಂತ ಪುಸ್ತಕ ಹೇಳುತ್ತದೆ. ಇಲ್ಲಿ ಗಾಡಿಯ ಅಡಿಯೆಲ್ಲ ಕೆಂಪೇ! ಮುರಕಲ್ಲಿನ ಧೂಳು ಎಲ್ಲ ಕಡೆ ಒಂದೇ ಸಮ ಕೂತಿರುತ್ತದೆ. ತುಕ್ಕಿನ ಪುಡಿ ಸೀಲಿನ ಅಂಚಿನಲ್ಲಿ ಮಾತ್ರ, ಉಂಗುರದ ಹಾಗೆ ಇರುತ್ತದೆ. ಸಂಶಯ ಬಂದರೆ ಚೆನ್ನಾಗಿ ಒರೆಸಿ, ಒಣ ಟಾರು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಮತ್ತೆ ನೋಡಿ. ಅಲ್ಲೇ ಮತ್ತೆ ಕೆಂಪು ಬಂದಿದ್ದರೆ ಅದು ಒಳಗಿನಿಂದ ಬಂದದ್ದು.

ಕಿವಿಗೂ ಗೊತ್ತಾಗುತ್ತದೆ. ನಿಧಾನ ಹೋಗುವಾಗ ಹಕ್ಕಿಯ ಹಾಗೆ ಚಿಂವ್ ಚಿಂವ್ ಅಂದರೆ ಒಣಗಿದೆ. ಕ್ಲಚ್ ಬಿಡುವಾಗ, ರಿವರ್ಸಿನಿಂದ ಮುಂದಕ್ಕೆ ಬರುವಾಗ ಟಕ್ ಅಂದರೆ ಸಡಿಲ ಆಗಿರಬಹುದು. ಪರೀಕ್ಷಿಸಲು ಸಮತಟ್ಟು ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ. ಶಾಫ್ಟನ್ನೂ ಕವೆಯನ್ನೂ ಎದುರು ಬದುರು ತಿರುಚಿ. ಶಾಫ್ಟ್ ಪೂರ್ತಿ ಸ್ವಲ್ಪ ತಿರುಗಿದರೆ ಅದು ಗೇರಿನ ಹಲ್ಲಿನ ಸಡಿಲ. ಕವೆಗೂ ಕ್ರಾಸಿಗೂ ನಡುವೆ ಅಲುಗಾಟ ಕಂಡರೆ ಮಾತ್ರ ಕ್ರಾಸಿನ ತಪ್ಪು. ಎಂಜಿನ್ ಓಡುವಾಗ, ಅದೂ ಲುಂಗಿ ಉಟ್ಟು, ಅಡಿಗೆ ಹೋಗಲೇಬೇಡಿ. ತಿರುಗುವ ಶಾಫ್ಟ್ ಬಟ್ಟೆ ಹಿಡಿದರೆ ಬಿಡಿಸಲು ಸಮಯ ಸಿಗುವುದಿಲ್ಲ.

ಬದಲಿಸುವಾಗ ವೈಸ್ ಮತ್ತು ಸಾಕೆಟ್ ಇಟ್ಟು ಕಪ್ ಒತ್ತಿ ತೆಗೆಯಿರಿ. ಕವೆಯ ಕಿವಿಗೆ ಸುತ್ತಿಗೆಯಿಂದ ಬಡಿದರೆ ಅದು ಸೊಟ್ಟ ಆಗುತ್ತದೆ. ಹೊಸ ಕಪ್ ಕೂರಿಸುವಾಗ ಗ್ರೀಸ್ ಸವರಿ ಸೂಜಿಗಳನ್ನು ಗೋಡೆಗೆ ಅಂಟಿಸಿಡಿ. ಒಂದು ಸೂಜಿ ಬಿದ್ದು ತಳದಲ್ಲಿ ಅಡ್ಡ ಮಲಗಿದರೂ ಕಪ್ ಪೂರ್ತಿ ಒಳಗೆ ಹೋಗುವುದಿಲ್ಲ, ಸರ್ಕ್ಲಿಪ್ ಕೂರುವುದಿಲ್ಲ. ಆಗ ಜೋರು ಮಾಡಬೇಡಿ, ತೆಗೆದು ನೋಡಿ. ಶಾಫ್ಟಿನ ಮೇಲೆ ವೆಲ್ಡ್ ಮಾಡಿದ ಸಣ್ಣ ತಗಡಿನ ತುಂಡು ಇದ್ದರೆ ಅದು ಬ್ಯಾಲೆನ್ಸಿನ ತೂಕ, ಕಿತ್ತು ಹಾಕಬೇಡಿ. ಎಲ್ಲ ಸೇರಿಸಿದ ಮೇಲೆ ಜಾಯಿಂಟ್ ನಾಲ್ಕು ದಿಕ್ಕಿಗೂ ಕೈಯಲ್ಲೇ ಆಡಬೇಕು. ಬಿಗಿ ಅನಿಸಿದರೆ ಕವೆಗೆ ಮೆತ್ತಗೆ ತಟ್ಟಿ, ಕಪ್ಪುಗಳು ಸರ್ಕ್ಲಿಪ್ಪಿಗೆ ತಾಗಿ ಕೂರುತ್ತವೆ. ಆಮೇಲೆ ಪಂಚ್ ಗುರುತು ನೋಡಿ ಸ್ಪ್ಲೈನ್ ಸೇರಿಸಿ, ಫ್ಲೇಂಜಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ.